ಸಾಕು

ನಮ್ಮ ಮನೆಗೆ ಬಂದ ನೆಂಟರು ಕೈಕಾಲು ತೊಳೆಯಲು ಎದ್ದರೆ ನಾನು ಗಾಬರಿಯಿಂದ ಅವರ ಹಿಂದೆಯೇ ಓಡುತ್ತೇನೆ. "ಅದಲ್ಲ, ಅದಲ್ಲ, ಒಳಗಿನ ಕೋಣೆಯದು" ಎಂದು ಅವರನ್ನು ತಿರುಗಿಸುತ್ತೇನೆ. ಹಜಾರಕ್ಕೆ ಹೊಂದಿಕೊಂಡ ಬಚ್ಚಲುಮನೆ ಬಂದುಹೋಗುವವರಿಗೆಂದೇ ಕಟ್ಟಿದ್ದು. ಆದರೆ ಕಳೆದ ಆರು ವರ್ಷಗಳಲ್ಲಿ ಅದು ಮನುಷ್ಯರ ಉಪಯೋಗಕ್ಕೆ ದೊರೆತ ದಿನಗಳು ಕಡಿಮೆ. ಐದು ಅಡಿ ಅಗಲ, ಏಳು ಅಡಿ ಉದ್ದ. ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ನನ್ನಾಕೆಯ ಹಳೆಯ ನೂಲಿನ ಸೀರೆ, ಪಕ್ಕದಲ್ಲಿ ಮರಳು ತುಂಬಿದ ಒಂದು ಅಗಲವಾದ ತಟ್ಟೆ. ಬಾಗಿಲ ಮೇಲೆ ಮೊಮ್ಮಗಳು ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿದ ಕಾಗದ: 'ಮೂರು ಮಾತ್ರ'. ಈ ಎರಡು ಶಬ್ದಗಳು ನನಗೆ ಕೊಟ್ಟಿರುವ ಕಷ್ಟವನ್ನು ಓದುಗರ ಮುಂದೆ ಇಡಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಬೆಕ್ಕುಗಳ ಭಕ್ತನಲ್ಲ. ಬೆಕ್ಕಿನ ಗಾಂಭೀರ್ಯ, ಬೆಕ್ಕಿನ ಸ್ವಾತಂತ್ರ್ಯ ಎಂದು ಮೈಮರೆತು ಮಾತನಾಡುವವರ ನಡುವೆ ಕುಳಿತರೆ ನನಗೆ ಆಕಳಿಕೆ ಬರುತ್ತದೆ. ನಿವೃತ್ತನಾದ ಮೇಲೆ ಬೆಳಿಗ್ಗೆ ಪತ್ರಿಕೆ, ಸಂಜೆ ಲಾಲ್‌ಬಾಗು, ನಡುವೆ ಒಂದಿಷ್ಟು ನಿದ್ದೆ, ಇಷ್ಟರಲ್ಲಿ ತೃಪ್ತನಾಗಿದ್ದ ಮನುಷ್ಯ ನಾನು. ಬಸವನಗುಡಿಯ ನಮ್ಮ ಮೂರನೆಯ ಅಂತಸ್ತಿನ ಮನೆಯ ಬಾಗಿಲನ್ನು ಒಂದು ಸಂಜೆ ಕೆಳಗಿನ ಮನೆಯ ಹುಡುಗಿ ತಟ್ಟಿದಳು. ಕಾಲೇಜಿನಲ್ಲಿ ಓದುತ್ತಿದ್ದವಳು, ಬೀದಿಯ ಪ್ರಾಣಿಗಳನ್ನು ನೋಡಿಕೊಳ್ಳುವ ಹುಡುಗ ಹುಡುಗಿಯರ ಗುಂಪಿನಲ್ಲಿ ಒಬ್ಬಳು. "ತಾತ, ಮೂರು ವಾರ ಮಾತ್ರ. ನಮ್ಮನೇಲಿ ನಾಯಿ ಇದೆಯಲ್ಲ, ಅದಕ್ಕೇ" ಎಂದಳು. ಅವಳ ದುಪಟ್ಟಾದೊಳಗೆ ಇಲಿಯೆಂದರೆ ಇಲಿ, ಬೆಕ್ಕೆಂದರೆ ಬೆಕ್ಕು ಎನ್ನುವಂತಿದ್ದ ಎರಡು ಜೀವಗಳು. ತಾಯಿ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿತ್ತಂತೆ. ನಾನು ಇಲ್ಲವೆನ್ನಲು ಬಾಯಿ ತೆರೆಯುವಷ್ಟರಲ್ಲಿ ನನ್ನಾಕೆ ಒಳಗಿನಿಂದ ಬಂದು, "ಅಯ್ಯೋ, ಕಣ್ಣೇ ಸರಿಯಾಗಿ ಬಿಟ್ಟಿಲ್ಲವಲ್ಲೇ ಇವು" ಎಂದಳು. ನಮ್ಮ ಮನೆಯಲ್ಲಿ ದೊಡ್ಡ ನಿರ್ಧಾರಗಳೆಲ್ಲ ಹೀಗೆಯೇ ಆಗುವುದು.

ಮನೆ ಸಿಗುವವರೆಗೆ ಸಾಕಿ, ಸಿಕ್ಕ ದಿನ ಕೊಟ್ಟುಬಿಡುವ ಈ ಕೆಲಸಕ್ಕೆ ಈಗಿನವರು 'ಫಾಸ್ಟರ್' ಎನ್ನುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು. ಕಣ್ವರು ಶಕುಂತಲೆಗೆ ಮಾಡಿದ್ದು ಇದನ್ನೇ. ಯಶೋದೆ ಮಾಡಿದ್ದೂ ಇದನ್ನೇ. ಆದರೆ ಕಣ್ವರಿಗೆ ಆಶ್ರಮವಿತ್ತು, ಯಶೋದೆಗೆ ಗೋಕುಲವಿತ್ತು. ನಮಗಿದ್ದುದು ಮೂವತ್ತೈದು ಚದರಡಿಯ ಬಚ್ಚಲು.

ತಾಯಿಯಿಲ್ಲದ ಬೆಕ್ಕಿನ ಮರಿಯನ್ನು ಬದುಕಿಸುವುದು ನಾವು ತಿಳಿದಷ್ಟು ಸುಲಭವಲ್ಲವೆಂದು ಮೊದಲ ರಾತ್ರಿಯೇ ಗೊತ್ತಾಯಿತು. ಹಸುವಿನ ಹಾಲು ಕೂಡದು. ಬೆಕ್ಕಿಗೆ ಹಾಲೆಂದರೆ ಪ್ರಾಣವೆಂದು ಕಥೆಗಳಲ್ಲಿ ಓದಿದ್ದೇ ಬಂತು, ಮರಿಗಳಿಗೆ ಅದರಿಂದ ಭೇದಿಯಾಗುತ್ತದೆ. ತಾಯಹಾಲಿಗೆ ಹತ್ತಿರವಾದ ಪುಡಿಯೊಂದು ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ, ಕುಡಿಸಬೇಕು. ಅಂಗಾತ ಮಲಗಿಸಿ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಳೆಯ ಮರಿಗೆ ತನ್ನಷ್ಟಕ್ಕೆ ತಾನು ಮೂತ್ರವಿಸರ್ಜನೆ ಮಾಡಲೂ ಬರುವುದಿಲ್ಲ. ತಾಯಿ ನೆಕ್ಕಿದರೆ ಉಂಟು, ಇಲ್ಲವಾದರೆ ಇಲ್ಲ. ಆ ನೆಕ್ಕುವ ಕೆಲಸವನ್ನು ಒದ್ದೆ ಹತ್ತಿಯಿಂದ ಮಾಡಬೇಕು. ಹುಟ್ಟಿದಾಗ ಸುಮಾರು 100 ಗ್ರಾಂ ತೂಗುವ ಮರಿ ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು. ಏರದಿದ್ದರೆ ಅದೇ ಅಪಾಯದ ಮೊದಲ ಸೂಚನೆ. ಅಡಿಗೆಮನೆಯ ತಕ್ಕಡಿ ಬಚ್ಚಲಿಗೆ ಹೋಯಿತು. ಮೊದಮೊದಲು ದೇವರ ಮನೆಗೂ ಬಚ್ಚಲಿಗೂ ನಡುವೆ ಗೆರೆ ಹಾಕಿದವಳು ನನ್ನಾಕೆ. ರಾತ್ರಿ ಎರಡು ಗಂಟೆಗೆ ಎದ್ದು, "ಇವತ್ತು ಹದಿನಾಲ್ಕು ಗ್ರಾಂ ಬಂದಿದೆ ರೀ" ಎಂದು ನನ್ನನ್ನು ಎಬ್ಬಿಸಿ ಹೇಳಿದವಳೂ ಅವಳೇ. ನಮ್ಮ ಮಗಳು ಹುಟ್ಟಿದಾಗಲೂ ಹೀಗೆಯೇ ಎದ್ದಿದ್ದಳು. ಆಗ ನಾನು ಮಲಗಿಯೇ ಇದ್ದೆನೆಂಬುದನ್ನು ಈ ಸಂದರ್ಭದಲ್ಲಿ ನೆನಪಿಸಿದಳು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಹುಟ್ಟಿ ಬೆಳೆದದ್ದು ತಿಪಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ತೊಟ್ಟಿ ಮನೆ, ಮೇಲೆ ಉದ್ದಕ್ಕೂ ಅಟ್ಟ. ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕುಳಿತು ಒಳಗೊಳಗೇ ಒಣಗಿ ಕೊಬ್ಬರಿಯಾಗಬೇಕು. ಅಷ್ಟು ದಿನ ಇಲಿಗಳು ಸುಮ್ಮನಿರುವುದುಂಟೆ? ಆದ್ದರಿಂದ ಬೆಕ್ಕುಗಳಿದ್ದವು. ಅವನ್ನು ಯಾರೂ 'ಸಾಕು'ತ್ತಿರಲಿಲ್ಲ; ಎಷ್ಟಿವೆಯೆಂದು ಎಣಿಸುತ್ತಲೂ ಇರಲಿಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದರೆಂದು 2004ರಲ್ಲಿ ಪ್ರಕಟವಾದ ವರದಿಯನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಟ್ಟವೇ. ಮನುಷ್ಯ ಧಾನ್ಯ ಕೂಡಿಟ್ಟ, ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಅಂದಿನಿಂದ ನಮ್ಮ ಅಟ್ಟದವರೆಗೆ ಒಪ್ಪಂದ ಹೆಚ್ಚು ಬದಲಾಗಿರಲಿಲ್ಲ. ನಮ್ಮಜ್ಜಿ ತಾನು ಊಟಕ್ಕೆ ಕೂರುವ ಮೊದಲು ಬೆಕ್ಕಿಗೆ ಹಾಲನ್ನ ಕಲಸಿ ಇಡುತ್ತಿದ್ದಳು. ಬೆಕ್ಕು ಉಣ್ಣದೆ ಅವಳು ಉಂಡದ್ದನ್ನು ನಾನು ಕಾಣೆ.

ಆ ಅಜ್ಜಿಯೇ ಒಂದು ಮಧ್ಯಾಹ್ನ ನನ್ನ ಕೈಗೆ ಗೋಣಿಚೀಲವೊಂದನ್ನು ಕೊಟ್ಟು, "ಕೆರೆ ಏರಿ ಆಚೆ ಬಿಟ್ಟು ಬಾ ಮಗು. ತಿರುಗಿ ನೋಡಬೇಡ, ಹಿಂದೆ ಬಂದಾವು" ಎಂದಳು. ಚೀಲದಲ್ಲಿ ಮೂರು ಮರಿಗಳಿದ್ದವು. ನನಗೆ ಆಗ ಹತ್ತು ವರ್ಷವಿರಬೇಕು. ಏರಿಯ ಆಚೆಯ ಹಾಳು ಮಂಟಪದಲ್ಲಿ ಚೀಲದ ಬಾಯಿ ಬಿಚ್ಚಿ ಓಡಿಬಂದೆ. ಪಾಪವೆನ್ನಿಸಿತೇ? ಇಲ್ಲ. ದೊಡ್ಡವರು ಹೇಳಿದ ಕೆಲಸ ಮಾಡಿ ಬಂದ ಹೆಮ್ಮೆಯಿತ್ತು, ಒಂದು ಉಂಡೆ ಬೆಲ್ಲವೂ ಸಿಕ್ಕಿತು. ತಾಯಿಬೆಕ್ಕು ಮೂರು ದಿನ ಕೂಗುತ್ತ ಅಟ್ಟ, ಕೊಟ್ಟಿಗೆ, ಹಿತ್ತಿಲು ಎಲ್ಲ ಹುಡುಕಿತು. ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತುತ್ತದೆಂಬ ಮಾತುಂಟು. ಕಚ್ಚಿಕೊಳ್ಳಲು ಮರಿಗಳಿಲ್ಲದ ಬೆಕ್ಕು ಏಳು ಮನೆ ಸುತ್ತಿದ್ದನ್ನು ನಾನು ನೋಡಿದ್ದೇನೆ. ಹಾಗೆ ಉಪವಾಸ ಬೀಳುವಂತೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಪಟ್ಟುಹಿಡಿದು ನಡೆಸಿದ ಪ್ರಯತ್ನದಿಂದ ಬಂದ ಕಾಯಿದೆ ಅದು. ನಮ್ಮ ಕೆರೆಯ ಏರಿಯವರೆಗೆ ಅದರ ಸುದ್ದಿ ಬಂದಿರಲಿಲ್ಲ.

ಇದನ್ನು ಏಕೆ ಹೇಳಿದೆನೆಂದರೆ, 'ಹಿಂದೆ ಮನೆಗಳು ದೊಡ್ಡವು, ಮನಸ್ಸೂ ದೊಡ್ಡದಾಗಿತ್ತು; ಈಗ ಮನೆಯೂ ಚಿಕ್ಕದು ಮನಸ್ಸೂ ಚಿಕ್ಕದು' ಎಂದು ನನ್ನ ವಯಸ್ಸಿನವರು ಲಾಲ್‌ಬಾಗಿನ ಕಲ್ಲುಬೆಂಚಿನ ಮೇಲೆ ಕುಳಿತು ಹೇಳುವುದನ್ನು ನಾನು ದಿನವೂ ಕೇಳುತ್ತೇನೆ. ಒಂದು ಕಾಲದಲ್ಲಿ ನಾನೂ ಹೇಳುತ್ತಿದ್ದೆ. ಆದರೆ ಆ ದೊಡ್ಡ ಮನೆಗೂ ಒಂದು ಎಲ್ಲೆಯಿತ್ತು. ಎಲ್ಲೆ ಮೀರಿದ ಜೀವಗಳು ಎಲ್ಲಿಗೆ ಹೋದವೆಂದು ಕೇಳಬೇಕಾದ ಅಗತ್ಯ ಮಾತ್ರ ಇರಲಿಲ್ಲ. ಅದಕ್ಕೆ ಕೆರೆಯ ಆಚೆ ದಡವಿತ್ತು. ಅಜ್ಜಿಯ ದಯೆ ನಿಜವಾದದ್ದೇ. ಅದರ ಲೆಕ್ಕದ ಪುಸ್ತಕದ ಅರ್ಧ ಹಾಳೆಗಳು ಆಚೆ ದಡದಲ್ಲಿದ್ದವು, ಅಷ್ಟೆ. ನನ್ನ ಬಚ್ಚಲಿಗೆ ಆಚೆ ದಡವಿಲ್ಲ. ಯಾವುದನ್ನು ಬೇಡವೆನ್ನುತ್ತೇನೋ ಅದು ಮೆಟ್ಟಿಲ ಮೇಲೆಯೇ, ನನ್ನ ಕಣ್ಣ ಮುಂದೆಯೇ ಇರುತ್ತದೆ.

ಮೊದಲೆರಡು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಎರಡು ಬಂದವು, ಹೋದವು; ಮೂರು ಬಂದವು, ಹೋದವು. ಪಶುವೈದ್ಯರು ನಮ್ಮ ಪಾಲಿಗೆ ಒಂದು ನಿಯಮ ಮಾಡಿದ್ದರು. "ನೋಡಿ ಸಾರ್, ಒಂದು ತಂಡ ಹೋಗುವವರೆಗೆ ಇನ್ನೊಂದನ್ನು ತರಬೇಡಿ. ಬೀದಿಯಿಂದ ಬಂದ ಮರಿಯನ್ನು ಎರಡು ವಾರ ಬೇರೆ ಕೋಣೆಯಲ್ಲಿಡಬೇಕು. ನಿಮಗೆ ಬೇರೆ ಕೋಣೆಯಿಲ್ಲ. ಆದ್ದರಿಂದ ನಿಮಗೆ ಮೂರು, ಅದೂ ಒಟ್ಟಿಗೆ ಬಂದ ಮೂರು" ಎಂದಿದ್ದರು. ಚಿಕ್ಕ ವಯಸ್ಸಿನ ಡಾಕ್ಟರು. ನನ್ನ ಮಗಳಿಗಿಂತ ಚಿಕ್ಕವರು. ಅವರ ಮಾತು ನನಗೆ ಸ್ವಲ್ಪ ನಿಷ್ಠುರವೆನ್ನಿಸಿತ್ತು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಗಾದೆ ನನಗೂ ಗೊತ್ತು. ಆದರೆ ಅದು ಖರ್ಚಿನ ವಿಷಯಕ್ಕೆ ಹೇಳಿದ್ದು, ಕರುಣೆಗೂ ಅನ್ವಯಿಸಬೇಕೇ ಎಂದು ಮನಸ್ಸಿನಲ್ಲಿ ತರ್ಕಿಸಿಕೊಂಡಿದ್ದೆ.

ಮೂರನೆಯ ವರ್ಷದ ಆಶ್ವಯುಜದಲ್ಲಿ ಒಂದು ರಾತ್ರಿ ಬಿಡದೆ ಮಳೆ. ಬಚ್ಚಲಿನಲ್ಲಿ ಐದು ವಾರದ ಮೂರು ಮರಿಗಳಿದ್ದವು. ಇನ್ನೊಂದು ವಾರ ಕಳೆದರೆ ಮೊದಲ ಲಸಿಕೆ. ಹನ್ನೊಂದು ಗಂಟೆಯ ಹೊತ್ತಿಗೆ ಕೆಳಗೆ, ನೀರಿನ ತೊಟ್ಟಿಯ ಹತ್ತಿರದಿಂದ, ಒಂದು ಮರಿಯ ಕೂಗು ಶುರುವಾಯಿತು. ಬೆಕ್ಕಿನ ಮರಿಯ ಕೂಗನ್ನು ಕೇಳಿದವರಿಗೆ ಗೊತ್ತು, ಅದು ಕಿವಿಗೆ ಬೀಳುವುದಿಲ್ಲ, ಚುಚ್ಚುತ್ತದೆ. ಕಿಟಕಿ ಮುಚ್ಚಿದೆ. ರೇಡಿಯೋ ಹಾಕಿದೆ. ಹನ್ನೆರಡೂವರೆಗೆ ಕೊಡೆ ಹಿಡಿದು ಇಳಿದೆ. ನನ್ನಾಕೆ, "ಬೆಳಿಗ್ಗೆವರೆಗೂ ಮೆಟ್ಟಿಲ ಕೆಳಗೆ ಪೆಟ್ಟಿಗೇಲಿ ಇಡೋಣ, ಬೆಚ್ಚಗೆ ಏನಾದ್ರೂ ಹೊದಿಸಿ" ಎಂದಳು. ನನಗೆ ಅದು ಅರ್ಧಂಬರ್ಧದ ಧರ್ಮವೆನ್ನಿಸಿತು. "ಅದೂ ಒಂದು ಜೀವ ಅಲ್ವೇನೇ? ಮೂರು ಇರೋ ಕಡೆ ನಾಲ್ಕು" ಎಂದು, ಒದ್ದೆ ಮೈಯನ್ನು ಒರೆಸಿ, ಬಚ್ಚಲಿನ ಪೆಟ್ಟಿಗೆಯಲ್ಲಿ ಆ ಮೂರರ ನಡುವೆ ಮಲಗಿಸಿದೆ. ಅವು ಮೂಸಿ ನೋಡಿ, ಜಾಗ ಮಾಡಿಕೊಟ್ಟವು. ನಾಲ್ಕೂ ಒಂದೇ ಉಂಡೆಯಾಗಿ ಮಲಗಿದ್ದನ್ನು ನೋಡಿ ನನಗೆ ಬಂದ ಸಂತೋಷ ಹೇಳತೀರದು. ಆ ರಾತ್ರಿ ಗಾಢವಾಗಿ ನಿದ್ದೆ ಮಾಡಿದೆ.

ಮೂರನೆಯ ದಿನ ಹೊಸ ಮರಿ ತಿನ್ನುವುದನ್ನು ಬಿಟ್ಟಿತು, ವಾಂತಿ, ಭೇದಿ. ಡಾಕ್ಟರು ನೋಡಿದೊಡನೆ ಮುಖ ಸಣ್ಣದು ಮಾಡಿಕೊಂಡರು. ಪ್ಯಾನ್‌ಲ್ಯೂಕೋಪೀನಿಯ ಎಂಬುದು ಆ ರೋಗದ ಹೆಸರು. ಅದರ ವೈರಸ್ಸು ಕರುಳನ್ನೂ ರಕ್ತದ ಬಿಳಿಕಣಗಳನ್ನೂ ಒಟ್ಟಿಗೆ ಹಾಳುಮಾಡುತ್ತದೆ; ಲಸಿಕೆಯಾಗದ ಎಳೆಯ ಮರಿಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಹೊರಗೆ ಚಿಹ್ನೆ ಕಾಣುವ ಮೊದಲು ವಾರ ಹತ್ತು ದಿನ ಒಳಗೇ ಅಡಗಿರಬಹುದು. ಆ ಎರಡು ವಾರದ ನಿಯಮ ಹುಟ್ಟಿದ್ದು ಇದಕ್ಕಾಗಿಯೇ. ಹೊಸ ಮರಿ ಸತ್ತಿತು. ಹತ್ತು ದಿನಗಳೊಳಗೆ ಮೊದಲಿನ ಮೂರರಲ್ಲಿ ಎರಡು ಸತ್ತವು. ಚರ್ಮದಡಿ ಹನಿಹನಿಯಾಗಿ ನೀರು ಕೊಡುತ್ತ, ಕೈಯಲ್ಲಿ ಹಿಡಿದುಕೊಂಡು ಕುಳಿತಿರುವಾಗಲೇ ಒಂದು ಹೋಯಿತು. ಕಪ್ಪು ಬಣ್ಣದ ಒಂದು ಹೆಣ್ಣುಮರಿ ಮಾತ್ರ, ಹೇಗೆಂದು ಡಾಕ್ಟರಿಗೂ ಆಶ್ಚರ್ಯವಾಗುವಂತೆ, ಉಳಿಯಿತು.

ಆಮೇಲೆ ಫಿನಾಯಿಲು ಹಾಕಿ ತೊಳೆಯಹೊರಟೆ. ಡಾಕ್ಟರು ತಡೆದರು. ಈ ವೈರಸ್ಸಿಗೆ ಫಿನಾಯಿಲು ಲೆಕ್ಕಕ್ಕಿಲ್ಲ, ಬೆಕ್ಕಿಗೆ ಮಾತ್ರ ವಿಷ; ಬ್ಲೀಚಿಂಗ್ ದ್ರಾವಣವೇ ಆಗಬೇಕು. ಅಷ್ಟಾದರೂ ಗೋಡೆಯ ಬಿರುಕಿನಲ್ಲೋ ಮರದ ಚೌಕಟ್ಟಿನಲ್ಲೋ ಅದು ಸುಮಾರು ಒಂದು ವರ್ಷ ಬದುಕಿರಬಲ್ಲುದು. ಒಂದು ವರ್ಷ ಲಸಿಕೆಯಾಗದ ಯಾವ ಮರಿಯನ್ನೂ ನಮ್ಮ ಮನೆಗೆ ತರುವಂತಿಲ್ಲ ಎಂದರು. ನಾಲ್ಕನೆಯ ಒಂದಕ್ಕೆ ಬಾಗಿಲು ತೆರೆದದ್ದರಿಂದ, ಆ ವರ್ಷ ಬರಬಹುದಾಗಿದ್ದ ಹತ್ತು ಹನ್ನೆರಡಕ್ಕೆ ಬಾಗಿಲು ಮುಚ್ಚಿತು.

ಆ ದಿನಗಳಲ್ಲಿ ನನ್ನನ್ನು ಕಾಡಿದ್ದು ಶಿಬಿಯ ಕಥೆ. ಗಿಡುಗನಿಂದ ಪಾರಿವಾಳವನ್ನು ಉಳಿಸಲು ಶಿಬಿ ತನ್ನ ತೊಡೆಯನ್ನು ಕೊಯ್ದು ತಕ್ಕಡಿಗೆ ಹಾಕಿದ. ಸಾಲದಾದಾಗ ತಾನೇ ಹತ್ತಿ ಕುಳಿತ. ಚಿಕ್ಕಂದಿನಿಂದ ಈ ಕಥೆಯನ್ನು ಕೇಳುತ್ತ, ಶರಣಾಗತರನ್ನು ಎಂದೂ ಬಿಡಬಾರದೆಂಬುದೇ ಅದರ ತಾತ್ಪರ್ಯವೆಂದು ತಿಳಿದಿದ್ದೆ. ಶಿಬಿಯ ತಕ್ಕಡಿಗೆ ಬಿದ್ದದ್ದು ಶಿಬಿಯದೇ ಮಾಂಸವೆಂಬುದನ್ನು ಗಮನಿಸಿರಲಿಲ್ಲ. ಮೊದಲೇ ಆಶ್ರಯ ಪಡೆದ ಬೇರೆ ಮೂರು ಪಾರಿವಾಳಗಳನ್ನು ತೆಗೆದು ಅವನು ತಕ್ಕಡಿಗೆ ಹಾಕಲಿಲ್ಲ. ನಾನು ಹಾಕಿದ್ದು ಅದನ್ನೇ. ನನ್ನ ತೊಡೆಗೆ ಒಂದು ಗೀರೂ ಆಗಲಿಲ್ಲ. ಮಳೆಯ ರಾತ್ರಿ ನಾನು ಯಾರಿಗೆ ದಯೆ ತೋರಿದೆ? ಆ ಮರಿಗೆಂದು ಆಗ ನಂಬಿದ್ದೆ. ಕೂಗು ಕೇಳುತ್ತ ಮಲಗಲಾರದ ನನ್ನ ಕಿವಿಗೆ, ನನ್ನ ನಿದ್ದೆಗೆ ದಯೆ ತೋರಿದ್ದೆನೇನೋ ಎಂಬ ಸಂಶಯ ಇಂದಿಗೂ ಹೋಗಿಲ್ಲ. ನನ್ನಾಕೆ ಹೇಳಿದಂತೆ ಮೆಟ್ಟಿಲ ಕೆಳಗೆ ಪೆಟ್ಟಿಗೆಯಲ್ಲಿಟ್ಟು, ನಾನೂ ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ರಾತ್ರಿಯೆಲ್ಲ ಕುಳಿತಿದ್ದರೆ, ಅದಕ್ಕೆ ನನ್ನ ಮೈಯಿಂದ ಏನಾದರೂ ಕೊಟ್ಟಂತಾಗುತ್ತಿತ್ತು. ಅದು ನನಗೆ ಹೊಳೆಯಲೇ ಇಲ್ಲ.

ನಮ್ಮ ಭಾಷೆಯಲ್ಲಿ ಒಂದು ವಿಚಿತ್ರವಿದೆ. 'ಸಾಕು' ಎಂದರೆ ಪೋಷಿಸು. 'ಸಾಕು' ಎಂದರೆ ಇನ್ನು ಬೇಡ. ಎರಡಕ್ಕೂ ಮೂಲ ಬೇರೆಯೋ ಒಂದೆಯೋ ಪಂಡಿತರು ಹೇಳಬೇಕು. ನನ್ನದು ಬರಿಯ ಕಿವಿಯ ವ್ಯಾಕರಣ. ಮಗುವಿಗೆ ಉಣಿಸುವ ತಾಯಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಾಳೆ. ಮಳೆಯ ರಾತ್ರಿಯವರೆಗೆ ಇವೆರಡೂ ವಿರುದ್ಧವಾದ ಮಾತುಗಳೆಂದೇ ನನ್ನ ಎಣಿಕೆಯಾಗಿತ್ತು: ಒಂದು ಧರ್ಮದ್ದು, ಇನ್ನೊಂದು ಸ್ವಾರ್ಥದ್ದು. ಎರಡನೆಯ ಸಾಕನ್ನು ಹೇಳಲಾರದವನು ಮೊದಲನೆಯ ಸಾಕನ್ನು ಮಾಡಲಾರನೆಂದು ಈಗ ತೋರುತ್ತದೆ. ಹಾಗೆಂದು ಎರಡನೆಯದನ್ನು ಹೇಳಿ ನಿಶ್ಚಿಂತೆಯಿಂದ ಇರಬಹುದೋ? ಕಷ್ಟವಿರುವುದು ಅಲ್ಲಿಯೇ.

ಹಿಂದಿನ ವರ್ಷ ಒಬ್ಬ ಹೆಂಗಸು ಬಂದಿದ್ದಳು. ಹಿಂದಿನ ಬೀದಿಯಲ್ಲಿ ಮನೆಗೆಲಸ ಮಾಡುವವಳು. ಯಾರೋ ನಮ್ಮ ಮನೆಯನ್ನು ತೋರಿಸಿ ಕಳಿಸಿದ್ದರು. ಕೈಯಲ್ಲಿ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ, ಒಳಗೆ ಎರಡು ಮರಿ. ಕೆಲಸದ ಮನೆಯವರು ಇವನ್ನು ಎಲ್ಲಿಯಾದರೂ ಬಿಟ್ಟು ಬಾ ಎಂದಿದ್ದರಂತೆ. ಅವಳಿಗೆ ಮನಸ್ಸು ಬಂದಿರಲಿಲ್ಲ. ಬಚ್ಚಲಿನಲ್ಲಿ ಮೂರಿದ್ದವು. ನಾನು ನಿಯಮವನ್ನು ವಿವರಿಸಿದೆ, ರೋಗವನ್ನು ವಿವರಿಸಿದೆ. ಅವಳು ಬಾಗಿಲಲ್ಲಿ ನಿಂತೇ ನಮ್ಮ ಹಜಾರವನ್ನು, ಸೋಫಾವನ್ನು, ಮೂವರಿಗೆ ಹಾಕಿದ ಆರು ಕುರ್ಚಿಯ ಊಟದ ಮೇಜನ್ನು ನಿಧಾನವಾಗಿ ನೋಡಿದಳು. "ಇಷ್ಟು ಜಾಗ ಐತಲ್ಲ ಸಾಮಿ" ಎಂದಳು. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆಯಿಂದ ಬಂದವಳು ಅವಳು. ಜಾಗವಿಲ್ಲವೆಂದು ಅವಳಿಗೆ ನಾನು ಯಾವ ಬಾಯಿಂದ ಹೇಳಲಿ? ಆದರೂ ಹೇಳಿದೆ. ಹುಡುಗಿಯ ಗುಂಪಿನವರ ದೂರವಾಣಿಯನ್ನು ಬರೆದುಕೊಟ್ಟೆ. ಪುಡಿಹಾಲಿನ ಒಂದು ಡಬ್ಬಿ ಕೊಟ್ಟು ಹೇಗೆ ಕುಡಿಸಬೇಕೆಂದು ತೋರಿಸಿದೆ. ತಾಯಿಬೆಕ್ಕಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ಖರ್ಚು ನನ್ನದೆಂದೆ. ಬೆಕ್ಕಿನ ಗರ್ಭ ಎರಡೇ ತಿಂಗಳು, ನಾಲ್ಕೈದು ತಿಂಗಳ ಮರಿಯೇ ಮತ್ತೆ ತಾಯಿಯಾಗಬಲ್ಲುದು, ಈ ಲೆಕ್ಕವನ್ನು ಬಚ್ಚಲಿನಿಂದ ತೀರಿಸಲು ಸಾಧ್ಯವೇ ಇಲ್ಲ. ಅವಳು ಎಲ್ಲಕ್ಕೂ ತಲೆಯಾಡಿಸಿ, ಪೆಟ್ಟಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಇಳಿದುಹೋದಳು. ದೂರವಾಣಿ ಮಾಡಲಿಲ್ಲ. ತಾಯಿಬೆಕ್ಕು ಯಾವುದೆಂದೂ ನನಗೆ ಗೊತ್ತಾಗಲಿಲ್ಲ.

ನಾನು ಅಂದು ಮಾಡಿದ್ದು ಸರಿ. ಡಾಕ್ಟರನ್ನು ಕೇಳಿದರೂ ಸರಿಯೆನ್ನುತ್ತಾರೆ, ಈ ಲೇಖನ ಓದುವವರಲ್ಲಿ ಬಹುಮಂದಿಯೂ ಅನ್ನಬಹುದು. ಆದರೆ ಸರಿಯಾದದ್ದನ್ನು ಮಾಡಿದ ಮೇಲೂ ಋಣ ಉಳಿಯುತ್ತದೆಂಬುದು ನನ್ನ ಅನುಭವ. ತಪ್ಪು ಮಾಡಿದವನಿಗೆ ಪ್ರಾಯಶ್ಚಿತ್ತವುಂಟು. ಸರಿ ಮಾಡಿ ಒಬ್ಬರನ್ನು ಬಾಗಿಲಿನಿಂದ ತಿರುಗಿಸಿದವನಿಗೆ ಯಾವ ಧರ್ಮಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹೇಳಿದೆಯೋ ನನಗೆ ತಿಳಿಯದು. 'ಊರಿನಲ್ಲಿ ಮನುಷ್ಯರಿಗೇ ನೆಲೆಯಿಲ್ಲ, ನೀವು ಬೆಕ್ಕಿಗೆ ಬಚ್ಚಲು ಕೊಟ್ಟಿದ್ದೀರಿ' ಎಂದು ಮಿತ್ರರೊಬ್ಬರು ಹಂಗಿಸುತ್ತಾರೆ. ಬೆಕ್ಕನ್ನು ಹೊರಗಟ್ಟಿದರೆ ಅವರು ಆ ಬಚ್ಚಲಿಗೆ ಯಾವ ಮನುಷ್ಯರನ್ನು ಕರೆತರುತ್ತಾರೆಂದು ಕೇಳಿ ನಾನು ತಪ್ಪಿಸಿಕೊಳ್ಳುತ್ತೇನೆ. ಆದರೆ ಆ ಹೆಂಗಸಿನ ನೋಟದಲ್ಲಿಯೂ ಇದ್ದುದು ಅದೇ ಪ್ರಶ್ನೆ. ಅವಳಿಂದ ಹಾಗೆ ತಪ್ಪಿಸಿಕೊಳ್ಳಲಾಗಲಿಲ್ಲ.

ಶ್ರೀವೈಷ್ಣವರಲ್ಲಿ ಎರಡು ನ್ಯಾಯಗಳ ಮಾತು ಬರುತ್ತದೆ. ಮಂಗನ ಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿದಿರುತ್ತದೆ. ಜೀವನೂ ಹಾಗೆ ತನ್ನ ಕಡೆಯಿಂದ ಪ್ರಯತ್ನ ಮಾಡಬೇಕೆಂಬುದು ಮರ್ಕಟಕಿಶೋರ ನ್ಯಾಯ, ಅದು ವಡಗಲೆಯವರದು. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಭಗವಂತನ ಕೃಪೆಯೂ ಹಾಗೆಂಬುದು ಮಾರ್ಜಾಲಕಿಶೋರ ನ್ಯಾಯ, ಅದು ತೆಂಗಲೆಯವರದು. ಈ ದೃಷ್ಟಾಂತವನ್ನು ಹೇಳುವವರೆಲ್ಲ ಬಾಯಲ್ಲಿರುವ ಮರಿಯನ್ನು ನೋಡುತ್ತಾರೆ. ನಮ್ಮ ಬಾಲ್ಕನಿಯಿಂದ ಒಮ್ಮೆ ನಾನು ನೋಡಿದ್ದು ಬೇರೆ. ಎದುರು ಮನೆಯ ಗ್ಯಾರೇಜಿನಿಂದ ತಾಯಿಬೆಕ್ಕೊಂದು ಮರಿಗಳನ್ನು ಸಾಗಿಸುತ್ತಿತ್ತು. ಅದಕ್ಕಿರುವುದು ಒಂದೇ ಬಾಯಿ. ಒಂದನ್ನು ಕಚ್ಚಿಕೊಂಡು ಗೋಡೆ ಹಾರಿ ಹೋದಾಗ ಉಳಿದ ಮೂರು ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂಗುತ್ತ ಕುಳಿತಿದ್ದವು. ಅದು ಮರಳಿ ಬಂತು, ಎರಡನೆಯದನ್ನು ಒಯ್ದಿತು, ಮತ್ತೆ ಬಂತು. ನಾಲ್ಕನ್ನೂ ಒಟ್ಟಿಗೆ ಕಚ್ಚಲು ಹೋಗಲಿಲ್ಲ. ಭಗವಂತನಿಗೆ ಎಷ್ಟು ಬಾಯಿಗಳೋ ಆಚಾರ್ಯರು ಬಲ್ಲರು. ನಮ್ಮಂಥವರಿಗೆ ಒಂದು; ಮರಳಿ ಬರುವುದಷ್ಟೇ ನಮ್ಮ ಕೈಯಲ್ಲಿರುವುದು. ನಡುವಿನ ಹೊತ್ತಿನಲ್ಲಿ ಏನಾಗುತ್ತದೆಂಬುದು ನಮ್ಮ ಕೈಯಲ್ಲಿಲ್ಲ.

ಇನ್ನು ಕೊಟ್ಟುಬಿಡುವ ಸಂಗತಿ. ಸಾಕಿದ್ದನ್ನು ಕೊಡುವುದು ಕಷ್ಟವೆಂದು ಎಲ್ಲರೂ ಕನಿಕರ ತೋರಿಸುತ್ತಾರೆ, ಅಷ್ಟೇನೂ ಕಷ್ಟವಿಲ್ಲ. ಎಂಟು ವಾರ ತುಂಬಿ, ಪರದೆಯ ತುದಿಯವರೆಗೆ ಹತ್ತಿ ನೇತಾಡುವ ಮೂರು ಮರಿಗಳು ಮನೆಯಲ್ಲಿದ್ದರೆ ವಿರಕ್ತಿ ತಾನಾಗಿಯೇ ಬರುತ್ತದೆ. ಒಯ್ಯಲು ಬಂದವರನ್ನು ನಾನು ಹೆಣ್ಣು ಕೊಡುವವನಂತೆ ವಿಚಾರಿಸುತ್ತೇನೆ: ಬಾಲ್ಕನಿಗೆ ಬಲೆ ಹಾಕಿಸಿದ್ದೀರಾ? ಮನೆಯ ಹಿರಿಯರು ಒಪ್ಪಿದ್ದಾರೆಯೇ? ಬೇಸಿಗೆ ರಜದಲ್ಲಿ ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಆದರೆ ಆ ಉಳಿದ ಕಪ್ಪು ಮರಿಯ ವಿಷಯದಲ್ಲಿ ನನ್ನ ವಿರಕ್ತಿ ಕೈಕೊಟ್ಟಿತು. ಬಂದವರೆಲ್ಲ ಕಪ್ಪೆಂದು ಹಿಂಜರಿದರು. ಎಂಜಿನಿಯರು, ಪ್ರೊಫೆಸರು ಯಾರೂ ಇದಕ್ಕೆ ಹೊರತಲ್ಲ. ಹೆಸರಿಡಬಾರದೆಂಬುದು ನಮ್ಮ ಕಟ್ಟಳೆ. ನನ್ನಾಕೆ ಗುಟ್ಟಾಗಿ ಅದನ್ನು ಕಾಡಿಗೆ ಎಂದು ಕರೆಯುತ್ತಿದ್ದಳು. ಮೊದಲ ತಿಂಗಳೇ ನನಗೆ ಗೊತ್ತಾಗಿತ್ತು, ಗೊತ್ತಿಲ್ಲದವನಂತಿದ್ದೆ.

ಭಾಗವತದ ಭರತರಾಜ ರಾಜ್ಯ ಬಿಟ್ಟು ತಪಸ್ಸಿಗೆ ಕುಳಿತವನು. ಹೊಳೆಯಲ್ಲಿ ತೇಲಿಹೋಗುತ್ತಿದ್ದ ತಬ್ಬಲಿ ಜಿಂಕೆಮರಿಯನ್ನು ಎತ್ತಿ ಸಾಕಿದ, ಅದನ್ನೇ ನೆನೆಯುತ್ತ ಸತ್ತ, ಜಿಂಕೆಯಾಗಿ ಹುಟ್ಟಿದ. ಮೋಹದ ಅಪಾಯಕ್ಕೆ ಇದು ದೃಷ್ಟಾಂತವೆಂದು ಪೌರಾಣಿಕರು ಹೇಳುತ್ತಾರೆ. ನನ್ನ ಸಂಶಯ ಸ್ವಲ್ಪ ಬೇರೆ. ಭರತನಿಗೆ ಆ ಜಿಂಕೆಯ ಮೇಲೆ ಪ್ರೀತಿ ಬಂದದ್ದರಲ್ಲಿ ದೋಷವೇನು? ಆಮೇಲೆ ಅದೇ ಹೊಳೆಯಲ್ಲಿ ಇನ್ನೊಂದು ಮರಿ ತೇಲಿಬಂದಿದ್ದರೆ ಅವನ ಕಣ್ಣಿಗೆ ಬೀಳುತ್ತಿತ್ತೇ ಎಂಬುದು ನನ್ನ ಪ್ರಶ್ನೆ. ಕಾಡಿಗೆಯನ್ನು ಇಟ್ಟುಕೊಂಡರೆ ನಮ್ಮ ಕಣ್ಣೂ ಹಾಗೆ ತುಂಬಿಹೋಗುವುದೋ ಏನೋ ಎಂದು ಭಯಪಟ್ಟೆ. ಡಾಕ್ಟರು ಒಂದು ದಾರಿ ಹೇಳಿದರು: ಕಾಡಿಗೆ ಹಜಾರದಲ್ಲಿರಲಿ, ರೋಗ ಗೆದ್ದದ್ದರಿಂದ ಅದಕ್ಕೆ ಆ ಭಯವಿಲ್ಲ, ವರ್ಷ ಕಳೆದ ಮೇಲೆ ಬಚ್ಚಲು ಮತ್ತೆ ತೆರೆಯಲಿ, ಬಾಗಿಲು ಮಾತ್ರ ಸದಾ ಮುಚ್ಚಿರಬೇಕು. ಹಾಗೆಯೇ ನಡೆದುಕೊಂಡು ಬಂದಿದೆ. ಕಾಡಿಗೆ ಬಚ್ಚಲಿನ ಬಾಗಿಲ ಸಂದಿಗೆ ಮೂಗು ಒತ್ತಿ ಗಂಟೆಗಟ್ಟಲೆ ಮಲಗಿರುತ್ತದೆ. ಅಲ್ಲಿ ಒಡಹುಟ್ಟಿದವನ್ನು ಕಳೆದುಕೊಂಡದ್ದರ ನೆನಪು ಅದಕ್ಕಿದೆಯೆಂದು ನನ್ನಾಕೆಯ ನಂಬಿಕೆ. ಒಳಗಿನ ಮೀನಿನ ವಾಸನೆಗೆಂದು ನನ್ನದು.

ಕಳೆದ ಭಾನುವಾರ ಕೆಳಗಿನ ಮನೆಯ ಹುಡುಗಿ ದೂರವಾಣಿ ಮಾಡಿದಳು. ಈಗ ಅವಳಿಗೆ ಕೆಲಸ ಸಿಕ್ಕಿದೆ, ಬೇರೆ ಕಡೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾಳೆ. "ತಾತ, ಬಚ್ಚಲು ಖಾಲಿ ಇದೆಯಾ?" ಎಂದಳು. ಇದೆ ಎಂದೆ. "ಐದು ಇವೆ ತಾತ. ಒಂದೇ ತಾಯಿದು. ತಾಯಿ ಇಲ್ಲ." ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಮೂರಾದರೆ ಆಗುತ್ತದಮ್ಮ ಎಂದೆ. ಯಾವ ಮೂರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆರಿಸುವ ಕೆಲಸವನ್ನು ಇಪ್ಪತ್ತಾರು ವರ್ಷದ ಹುಡುಗಿಯ ತಲೆಗೆ ಕಟ್ಟಿ ಕೆಳಗಿಟ್ಟೆನೆಂಬುದು ನನಗೆ ಹೊಳೆದದ್ದು ಆಮೇಲೆ.

ಸಂಜೆ ಅವಳು ಬುಟ್ಟಿ ಹಿಡಿದು ಬಂದಳು. ನನ್ನಾಕೆ ಮೇಲಿನ ಬಟ್ಟೆ ಸರಿಸಿ ಎಣಿಸಿ ನೋಡಿ, "ಇನ್ನೆರಡು ಎಲ್ಲೇ?" ಎಂದು ಕೇಳಿದಳು.

"ನನ್ನ ಹತ್ರಾನೇ ಇವೆ ಅಜ್ಜಿ. ಆಫೀಸಿಗೆ ಚೀಲದಲ್ಲಿ ಇಟ್ಕೊಂಡು ಹೋಗ್ತೀನಿ. ನೋಡೋಣ."

ನನ್ನಾಕೆ ನನ್ನ ಮುಖವನ್ನು ನೋಡಿದಳು. ನಾನು ಬಾಗಿಲ ಮೇಲಿನ ಕಾಗದವನ್ನು ನೋಡಿದೆ. ಅವಳು ಮತ್ತೇನೂ ಹೇಳದೆ ನೀರು ಕಾಯಿಸಲು ಒಳಗೆ ಹೋದಳು. ನಾನು ತಕ್ಕಡಿಯನ್ನು ತಂದು, ಒಂದೊಂದಾಗಿ ತೂಗಿ, ಬರೆದುಕೊಳ್ಳತೊಡಗಿದೆ.